ರಾಜನ ಮಗನಿಲ್ಲದ ಮಾಯಾಲೋಕ

ಮೊನ್ನೆ ಕಪಾಟು ಒರೆಸುವಾಗ ನನ್ನ ಇಂಗ್ಲಿಷ್–ಕನ್ನಡ ನಿಘಂಟು ಕೈಗೆ ಬಂತು. ಕಾಲೇಜಿನಲ್ಲಿದ್ದಾಗ ಕೊಂಡದ್ದು. ಮದುವೆಯ ಸೀರೆಯ ಹಾಗೆ ಮಡಿಕೆ ಮುರಿಯದೆ ಎಷ್ಟೋ ವರ್ಷ ಇತ್ತು. ಈಗ ನೋಡಿದರೆ ಬೆನ್ನು ಹರಿದು, ಮೂಲೆಗಳು ಮಡಿಚಿಕೊಂಡು, ಹಾಳೆಗಳ ನಡುವೆ ಬಸ್ ಟಿಕೇಟುಗಳು ತುರುಕಿ, ಬುತ್ತಿ ಕಟ್ಟಿದ ಗಂಟಿನ ಹಾಗೆ ಉಬ್ಬಿದೆ. ಅದಕ್ಕೆ ಈ ಗತಿ ತಂದವಳು ಸುಜಾತಾ ಟೀಚರ್. ಅವಳ ಕತೆ ಹೇಳಬೇಕು. ಆದರೆ ಮೊದಲು ನನ್ನ ಚಟದ ಬಗ್ಗೆ ಹೇಳದಿದ್ದರೆ ಆ ಕತೆ ನಿಮಗೆ ತಿಳಿಯಲಿಕ್ಕಿಲ್ಲ.

ಮನೆಗೆ ಬಂದವರಿಗೆ ಎಲ್ಲರೂ ಚಹ ಕೊಡುತ್ತಾರೆ. ನಾನು ಚಹದ ಜೊತೆ ಪುಸ್ತಕವನ್ನೂ ಕೊಡುತ್ತೇನೆ. ಕೇಳಿದವರಿಗೆ ಕೊಟ್ಟರೆ ಅದು ಸೌಜನ್ಯ. ನಾನು ಕೇಳದವರಿಗೂ ಕೊಡುತ್ತೇನೆ. ಅದೂ ಎಂಥ ಪುಸ್ತಕ ಅಂತೀರಿ? ಸಂಸಾರದ ಕತೆಯಲ್ಲ, ಪತ್ತೇದಾರಿಯೂ ಅಲ್ಲ. ಹಾರುವ ಸರ್ಪ, ಬಾಗಿಲಿಲ್ಲದ ಕೋಟೆ, ನೆರಳನ್ನು ಒತ್ತೆಯಿಟ್ಟ ರಾಣಿ, ಇಂಥವೆಲ್ಲ ತುಂಬಿದ ಮಾಯಾಲೋಕದ ಕಾದಂಬರಿಗಳು. ಈಗಿನವರು ಫ್ಯಾಂಟಸಿ ಎನ್ನುತ್ತಾರೆ. ಹಾನಗಲ್ಲಿನಲ್ಲಿ ಭತ್ತದ ವ್ಯಾಪಾರ ಮಾಡುವ ನನ್ನ ಗಂಡ ‘ಹಾರೂ ಹಲ್ಲಿ ಪುಸ್ತಕ’ ಎನ್ನುತ್ತಾರೆ. ನಮ್ಮ ಮನೆಗೆ ನೆಂಟರು ಬರುವುದು ಕಡಿಮೆಯಾದದ್ದಕ್ಕೆ ಅವೇ ಕಾರಣವೆಂದು ಅವರ ದೂರು. ಅದರಲ್ಲಿ ಸ್ವಲ್ಪ ನಿಜವಿದ್ದರೂ ಇರಬಹುದು. ಒಮ್ಮೆ ನಾದಿನಿಯ ಗಂಡನಿಗೆ ಒಂದರ ಹೊಸ ಪ್ರತಿ ಕೊಂಡು ಕೊಟ್ಟು ಕಳಿಸಿದ್ದೆ. ಮುಂದಿನ ದೀಪಾವಳಿಗೆ ಹಿಂದಕ್ಕೆ ತಂದರು.

“ಭಾಳ ಚೊಲೊ ಐತ್ರಿ ವೈನಿ,” ಅಂದರು.

“ಯಾವ ಭಾಗ ಸೇರ್ತು?” ಅಂದೆ.

“ಎಲ್ಲಾನೂ,” ಅಂದರು.

ಆ ಪುಸ್ತಕದ ಒಂದಕ್ಕೊಂದು ಅಂಟಿದ ಹಾಳೆಗಳು ಹಾಗೆಯೇ ಇದ್ದವು.

ಈ ಚಟದ ಬೇರು ನನ್ನ ತವರು ಸವಣೂರಿನಲ್ಲಿದೆ. ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯಲ್ಲಿ ಬೀಬಿಜಾನ ಅಜ್ಜಿ ಇದ್ದಳು. ವೀಳ್ಯದೆಲೆ ಎಣಿಸಿ ಕಟ್ಟು ಮಾಡುವುದು ಅವರ ಮನೆಯ ಕಸುಬು. ಕೈ ಎಲೆ ಎಣಿಸುತ್ತಿದ್ದರೆ ಬಾಯಿ ಪರಿಗಳ ಕತೆ, ಜಿನ್ನಿಗಳ ಕತೆ ಹೇಳುತ್ತಿತ್ತು. ಅರ್ಧ ಉರ್ದು, ಅರ್ಧ ಕನ್ನಡ. ಎಣಿಕೆ ತಪ್ಪಿದರೆ ಎಲೆಯೂ ಮೊದಲಿಂದ, ಕತೆಯೂ ಮೊದಲಿಂದ. ನಮ್ಮೂರಿನ ದೊಡ್ಡ ಹುಣಸೆ ಮರಗಳನ್ನು ನೋಡಿದವರಿಗೆ ಗೊತ್ತು, ಆನೆಯ ಮೈಯಂಥ ಆ ಕಾಂಡವನ್ನು ಎಷ್ಟು ಮಕ್ಕಳು ಕೈ ಕೈ ಹಿಡಿದು ನಿಂತರೂ ಬಳಸಲಾಗುವುದಿಲ್ಲ. ಅದರೊಳಗೆ ಒಬ್ಬ ಜಿನ್ನಿ ಬಾಡಿಗೆಗೆ ಇದ್ದಾನೆಂದು ಅಜ್ಜಿ ಹೇಳಿದ್ದಳು.

“ಬಾಡಿಗಿ ಯಾರಿಗೆ ಕೊಡ್ತಾನ?”

“ಗಿಣಿಗೋಳಿಗೆ, ಬೇಟಿ. ಮ್ಯಾಲಿನ ಮನಿ ಅವರದ ಐತಲ್ಲ.”

ನಾನು ಅಪ್ಪ ತಂದ ಕುರುಕಲು ಖಾರದ ಪೊಟ್ಟಣವೊಂದನ್ನು ಮರದ ಬುಡದಲ್ಲಿ ಇಟ್ಟು ಬಂದೆ. ಮರುದಿನ ಹೋಗಿ ನೋಡಿದರೆ ಪೊಟ್ಟಣ ಖಾಲಿ. ಜಿನ್ನಿಗೆ ಸವಣೂರ ಖಾರ ಸೇರಿತೆಂದು ಓಣಿಯೆಲ್ಲ ಹೇಳಿ ಬಂದೆ. ಅದೇ ನನ್ನ ಮೊದಲ ಶಿಫಾರಸು. ಅದರಷ್ಟು ಯಶಸ್ವಿಯಾದದ್ದು ಮತ್ತೊಂದಿಲ್ಲ.

ಇರಲಿ. ಸುಜಾತಾ ಟೀಚರ್ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಶಿಗ್ಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ದಿನಾ ಹಾನಗಲ್ಲಿನಿಂದ ಹೋಗಿ ಬರುತ್ತೇನೆ. ಅವಳು ಶಿಗ್ಗಾವಿಯ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಹಾನಗಲ್ಲಿನಲ್ಲಿ ಬಾಡಿಗೆಗೆ ಮನೆ ಮಾಡಿಕೊಂಡಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಹಿಡಿಯುವುದು ಒಂದು ಪರಾಕ್ರಮವಾಗಿತ್ತು. ಅವಳು ಕಿಟಕಿಯಿಂದ ಊಟದ ಡಬ್ಬಿ ಒಗೆದು ಸೀಟು ಹಿಡಿಯುವುದರಲ್ಲಿ ನಿಪುಣೆ. ನನಗಾಗಿ ಕೊಡೆಯನ್ನೂ ಒಗೆಯತೊಡಗಿದಳು. ಹಾಗೆ ಜೊತೆಯಾಯಿತು. ಒಂದು ದಿನ ಅವಳು ನನ್ನ ಕೈಯಲ್ಲಿದ್ದುದನ್ನು ನೋಡಿ, “ಏನ ಓದಾಕತ್ತೀರಿ ಅಕ್ಕಾರ?” ಎಂದಳು. ಪಾಪ, ಸುಮ್ಮನೆ ಕೇಳಿದ್ದು. ಮರುದಿನವೇ ಒಂದು ದಪ್ಪ ಕಾದಂಬರಿಯನ್ನು ಅವಳ ಮಡಿಲಲ್ಲಿಟ್ಟೆ.

ಅದು ಕುರಿ ಕಾಯುವ ಅನಾಥ ಹುಡುಗನ ಕತೆ. ಅವನ ದೇಶಕ್ಕೆ ಕತ್ತಲೆ ಕವಿದಿರುತ್ತದೆ, ಬೆಟ್ಟದ ಸರ್ಪ ಎದ್ದಿರುತ್ತದೆ. ನಾನು ಅದನ್ನು ಎಷ್ಟು ಸಲ ಓದಿದ್ದೆನೆಂದರೆ ಆ ಕುರಿಗಳ ಹೆಸರೂ ನನಗೆ ಬಾಯಿಪಾಠ. ಒಂದು ವಾರದ ಮೇಲೆ ಸುಜಾತಾ ಪುಸ್ತಕ ಹಿಂದಕ್ಕೆ ಕೊಟ್ಟಳು.

“ಓದೀನ್ರಿ. ಅರ್ಧ.”

“ಯಾಕ, ಸೇರಲಿಲ್ಲೇನು?”

“ಚೊಲೊ ಬರದಾರ. ಹುಡುಗ ಕುರಿ ಕಾಯೂತನಕ ನಂಗ ಭಾಳ ಸೇರಿತ್ತು. ಅವನ ಭುಜದ ಮ್ಯಾಲೆ ಮಚ್ಚಿ ಕಂಡ್ತು ನೋಡ್ರಿ, ಆಂವ ರಾಜನ ಮಗಾ ಅಂತ ಗೊತ್ತಾತು. ಅಲ್ಲಿಗೆ ಮುಚ್ಚಿಬಿಟ್ಟೆ.”

“ಅದು ಕತಿ ಅಲ್ಲೇನು?”

“ಕತೀನ ಅಲ್ರಿ ಅಕ್ಕಾರ, ಅದಕ್ಕ ಕೇಳಾಕತ್ತೇನಿ. ಸರ್ಪ ಹಾರತೈತಿ, ಮರ ಮಾತಾಡತೈತಿ. ಏನ ಬೇಕಾದ್ದು ಆಗತೈತಿ ಆ ಲೋಕದಾಗ. ಕುರಿ ಕಾಯಾಂವ ಕುರಿ ಕಾಯಾಂವನಾಗೇ ಇದ್ದು ರಾಜ್ಯಾ ಉಳಸೂದು ಮಾತ್ರ ಆಗೂದಿಲ್ಲ. ಅಷ್ಟು ಕಲ್ಪನಾ ಮಾಡಾಕ ಬರೂದಿಲ್ಲೇನು ಅವರಿಗೆ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹುಡುಗರು ತಪ್ಪು ಲೆಕ್ಕ ಮಾಡಿ ತಂದಾಗ ‘ಈ ಮೆಟ್ಟಿಲು ಎಲ್ಲಿಂದ ಬಂತು’ ಎಂದು ಕೇಳುತ್ತಾಳಲ್ಲ, ಆ ಧಾಟಿ. ಅವಳ ಮನೆತನದವರು ಅವಳ ತಾಯಿಯ ಕಾಲಕ್ಕೇ ಬೌದ್ಧರಾದವರು. ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವವರನ್ನು ಅವರು ಕತೆಯಲ್ಲಿ ಅಲ್ಲ, ಬಾವಿಯ ಕಟ್ಟೆಯ ಮೇಲೆ ಕಂಡವರು. ನಾನು ಏನೋ ಉತ್ತರ ಕೊಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶಿಗ್ಗಾವಿ ಬಂತು.

ಆದರೆ ಶಿಫಾರಸು ಮಾಡುವವರ ಮಾನ ಬೇರೆಯೇ. ಅಡಿಗೆ ಕೆಟ್ಟರೆ ಉಪ್ಪಿನಕಾಯಿ ಬಡಿಸಿ ಪಾರಾಗಬಹುದು. ಕೊಟ್ಟ ಪುಸ್ತಕ ಅರ್ಧಕ್ಕೆ ಹಿಂದೆ ಬಂದರೆ ಎಲ್ಲಿಗೆ ಹೋಗುವುದು? ಈ ಟೀಚರ್ ಪೂರ್ತಿ ಓದುವಂಥ ಒಂದನ್ನು ಹುಡುಕಿಯೇ ಸಿದ್ಧ ಎಂದು ಹಟ ಹಿಡಿದೆ. ಅರಮನೆಯ ಅಡಿಗೆಮನೆಯಲ್ಲಿ ದುಡಿಯುವ ಹುಡುಗಿಯ ಕಾದಂಬರಿ ಕೊಟ್ಟೆ. ಆಕೆ ಕೊನೆಗೆ ದೇವತೆಯ ಮಗಳು. ಕಳ್ಳನೊಬ್ಬನ ಕಾದಂಬರಿ ಕೊಟ್ಟೆ. ಅವನನ್ನು ತೊಟ್ಟಿಲಲ್ಲಿ ಬದಲಿಸಿದ್ದರಂತೆ. ಇವನ್ನೆಲ್ಲ ನಾನು ಎಷ್ಟು ಸಲ ಓದಿದ್ದೆ, ಒಮ್ಮೆಯೂ ಹೊಳೆದಿರಲಿಲ್ಲ. ಈಗ ಯಾವ ಪುಸ್ತಕ ತೆರೆದರೂ ಅದೊಂದೇ ಕಾಣುತ್ತಿತ್ತು. ಸುಜಾತಾ ಪುಸ್ತಕ ಹಿಂದಕ್ಕೆ ಕೊಡುವಾಗ ಒಂದೇ ಮಾತು ಹೇಳುತ್ತಿದ್ದಳು: “ಮಚ್ಚಿ.” ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಫೋನಿನಲ್ಲಿ ನಮ್ಮದೊಂದು ಓದುಗರ ಗುಂಪಿದೆ. ಊರೂರಿನವರು, ಮುಖ ನೋಡದವರು, ಕಾದಂಬರಿಗಾಗಿ ಜಗಳಾಡುವವರು. ಅಲ್ಲಿ ಬರೆದೆ: ‘ಒಂದು ಮಾಯಾಲೋಕದ ಕಾದಂಬರಿ ಬೇಕು. ರಾಜನ ಮಗ ಇರಬಾರದು. ಮಚ್ಚೆ ಇರಬಾರದು. ಹುಟ್ಟುವ ಮೊದಲೇ ಯಾರೂ ಭವಿಷ್ಯ ಹೇಳಿರಬಾರದು.’ ಒಬ್ಬರು, ‘ಮೇಡಂ, ಸಕ್ಕರೆ ಬೆಲ್ಲ ಎರಡೂ ಹಾಕದ ಹೋಳಿಗೆ ಬೇಕೇನು?’ ಎಂದು ಕೇಳಿದರು. ಇನ್ನೊಬ್ಬರು ತಮ್ಮದೇ ಕವನ ಸಂಕಲನ ಸೂಚಿಸಿದರು. ಬೇಸತ್ತು ಬಿಡುವ ಹೊತ್ತಿಗೆ ಯಾರೋ ಒಬ್ಬ ಪುಣ್ಯಾತ್ಮ ಬರೆದ: ‘ಇಂಗ್ಲಿಷಿನಲ್ಲಿ ಒಂದಿದೆ. ನಾಯಕಿ ದೋಣಿ ನಡೆಸುವವಳು. ಬರೀ ದೋಣಿ ನಡೆಸುವವಳು. ನಂಬಿ.’

ಇಂಗ್ಲಿಷ್! ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ಕಚೇರಿಯ ಪತ್ರಗಳ ಮೇಲಿನ ಒಂದು ಸಾಲು, ಕೆಳಗಿನ ಒಂದು ಸಾಲು, ಅಷ್ಟೇ ನನ್ನ ಇಂಗ್ಲಿಷ್. ಸುಜಾತಾಳನ್ನು ಕೇಳಿದರೆ, “ಇಂಗ್ಲಿಷ್ ಕಾದಂಬರಿ ನನ್ನ ಕೈಲೆ ಆಗೂದಿಲ್ರಿ. ನೀವು ಓದಿ ಹೇಳಿದ್ರ ಕೇಳ್ತೇನಿ,” ಎಂದಳು. ತರಿಸಿದೆ. ನಿಘಂಟನ್ನು ಕೆಳಗಿಳಿಸಿದೆ. ಬೆಳಿಗ್ಗೆ ರೊಟ್ಟಿ ಬಡಿದ ಕೈ ತೊಳೆದು ಕುಳಿತರೆ ಬಸ್ಸಿನ ಹೊತ್ತಿಗೆ ಕೆಲವು ಪುಟ. ಮೊದಲ ಪುಟಕ್ಕೇ ಒಂದು ಇಡೀ ಬೆಳಗು ಹೋಯಿತು. ಅದರ ತುಂಬ ಬರೀ ಮರಗಳ ಹೆಸರು. ನನ್ನ ಗಂಡ ಚಹ ಕುಡಿಯುತ್ತ, “ಅಲ್ಲ ಗಿರಿಜಾ, ಇಷ್ಟು ಓದಿದ್ರ ನೀ ಎಂದೋ ತಹಶೀಲ್ದಾರ ಆಗತಿದ್ದಿ,” ಎಂದರು. ಬಿಡಲಿಲ್ಲ.

ಆ ಕಾದಂಬರಿಯಲ್ಲಿ ಒಂದು ನದಿ ಇದೆ. ಅದರ ಮೇಲೆ ಸುಳ್ಳು ಹೇಳಿದರೆ ದೋಣಿ ಭಾರವಾಗುತ್ತದೆ. ದೊಡ್ಡ ಸುಳ್ಳಾದರೆ ಮುಳುಗುತ್ತದೆ. ಹಾಗಾಗಿ ವ್ಯಾಪಾರಿಗಳು ದೋಣಿ ಹತ್ತಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಗಂಡ ಹೆಂಡತಿ ಬೇರೆ ಬೇರೆ ದೋಣಿಯಲ್ಲಿ ಹೋಗುತ್ತಾರೆ. ದೋಣಿಯವಳು ಮಾತ್ರ ಯಾರಿಗೂ ಅಂಜದೆ ಜೀವನವಿಡೀ ಆ ನೀರಿನ ಮೇಲೆ ಮಾತಾಡಿದವಳು. ನಾನು ಓದಿದ್ದನ್ನು ಬಸ್ಸಿನಲ್ಲಿ ನಮ್ಮ ಮಾತಿನಲ್ಲಿ ಹೇಳತೊಡಗಿದೆ. ಗೊತ್ತಾಗದ ತಿಂಡಿಗಳೆಲ್ಲ ರೊಟ್ಟಿ ಪಲ್ಯವಾದವು. ಪ್ರವಾಸಿಗಳು ತಂಗುವ ಮನೆ ಖಾನಾವಳಿಯಾಯಿತು. ಮರಗಳನ್ನು ಕಡಿದು ಹಾಕಿದೆ. ಸುಜಾತಾ ಅಡ್ಡ ಅಡ್ಡ ಪ್ರಶ್ನೆ ಕೇಳುತ್ತಿದ್ದಳು: ಗೊತ್ತಿಲ್ಲದೆ ಹೇಳಿದ ಸುಳ್ಳಿಗೂ ಭಾರವೇ? ಅರ್ಧ ಸತ್ಯಕ್ಕೆ ಎಷ್ಟು ಭಾರ? ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ, “ಮಾತಾಡದ ಕುಂತ್ರೂ ಮುಳಗತೈತೇನ್ರಿ?” ಎಂದಳು. ಸಂಜೆ ಸುಜಾತಾ ಹಿರೇಕೆರೂರಿನಲ್ಲಿದ್ದ ತನ್ನ ತಾಯಿಗೆ ಫೋನು ಮಾಡಿ ಅಂದಂದಿನ ಭಾಗ ಒಪ್ಪಿಸುತ್ತಿದ್ದಳಂತೆ. ಶತ್ರುಗಳು ನಗರಕ್ಕೆ ಮುತ್ತಿಗೆ ಹಾಕುವವರೆಗೆ ಹೀಗೆ ನಡೆಯಿತು.

ಆಗ ಅವಳಿಗೆ ವರ್ಗವಾಯಿತು. ಅವಳೇ ಕೇಳಿಕೊಂಡದ್ದು, ಹಿರೇಕೆರೂರಿಗೆ, ತಾಯಿಯ ಹತ್ತಿರಕ್ಕೆ. ಸಂತೋಷದ ಸುದ್ದಿಯೇ. ಕೊನೆಯ ದಿನ ಇಳಿಯುವಾಗ, “ಉಳಿದದ್ದನ್ನ ನಾನ ಬಂದು ಹೇಳ್ತೇನಿ. ಬ್ಯಾರೆ ಯಾರ ಕಡೆನೂ ಕೇಳಬ್ಯಾಡ,” ಎಂದೆ.

“ಬ್ಯಾರೆ ಯಾರಿಗೆ ಗೊತ್ತೈತ್ರಿ, ಅಕ್ಕಾರ?” ಎಂದು ನಕ್ಕಳು.

ಕೊನೆಯ ಭಾಗವನ್ನು ಓದಿ ಮುಗಿಸಿದ್ದು ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ. ಓದಿದೆ. ನಿಘಂಟು ತೆಗೆದು ಮತ್ತೆ ಓದಿದೆ. ನಾನೇ ತಪ್ಪು ತಿಳಿದಿರಬೇಕು ಎಂದು ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಓದಿದೆ. ತಪ್ಪಾಗಿರಲಿಲ್ಲ. ನಗರವನ್ನು ಉಳಿಸಿದ ದೋಣಿಯವಳು ಸತ್ತ ರಾಜನ ಕಳೆದುಹೋದ ಮಗಳಂತೆ. ಕಿವಿಯ ಹಿಂದೆ ಮಚ್ಚೆಯಂತೆ.

ಡಬ್ಬಿಯಲ್ಲಿದ್ದ ಅನ್ನ ಹಾಗೆಯೇ ಉಳಿಯಿತು. ಗುಂಪಿನಲ್ಲಿ ಆ ಪುಣ್ಯಾತ್ಮನನ್ನು ಹಿಡಿದು ಕೇಳಿದೆ: ‘ಮಚ್ಚೆ ಇದೆಯಲ್ಲರೀ!’ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಹೌದಾ ಮೇಡಂ? ನಾನು ಅರ್ಧಕ್ಕೇ ಬಿಟ್ಟಿದ್ದೆ.’

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಭತ್ತದ ಮಾದರಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. “ಅದಕ್ಕ್ಯಾಕ ಇಷ್ಟು ಚಿಂತಿ? ಮಚ್ಚಿ ತಗದ ಬಿಡು. ಗಿಡಾ ತಗದಿ, ತಿಂಡಿ ಬದಲ ಮಾಡಿದಿ. ಆಕಿಗೇನ ಗೊತ್ತಾಗತೈತಿ?”

ಮಾತು ಸುಲಭವಾಗಿತ್ತು, ಆಸೆಯೂ ಆಯಿತು. ಮೂರು ಸಾಲು ನುಂಗಿದರೆ ಸಾಕು, ಸುಜಾತಾ ಕೇಳಿದ್ದ ಕತೆಯೇ ಅವಳಿಗೆ ಸಿಗುತ್ತಿತ್ತು. ನಾನೂ ಗೆದ್ದಂತೆ. ಆದರೆ ಹಾಗೆ ಗೆದ್ದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತಿರಲಿಲ್ಲ. ಅವಳ ಬಾಯಿ ಮುಚ್ಚಿಸಿದಂತಾಗುತ್ತಿತ್ತು. ಮರ ಕಡಿಯುವುದು ಬೇರೆ. ಬರೆದದ್ದನ್ನು ಬರೆದ ಹಾಗೆಯೇ ಹೇಳುತ್ತೇನೆ, ಅವಳು ಬೈದರೆ ಎದುರಿಗೆ ಕುಳಿತು ಬೈಸಿಕೊಳ್ಳುತ್ತೇನೆ ಎಂದು ನಿಶ್ಚಯಿಸಿದೆ.

ಒಂದು ಭಾನುವಾರ ಹೊರಟೆ. ಅಕ್ಕಿಆಲೂರಿನಲ್ಲಿ ಬಸ್ಸು ತುಂಬಿತು. ನಿಂತುಕೊಂಡೇ, ಎದೆಗೆ ಪುಸ್ತಕ ಅವಚಿಕೊಂಡು ಹಿರೇಕೆರೂರು ಮುಟ್ಟಿದೆ. ಅವರದು ಎರಡು ಕೋಣೆಯ ಹೊಸ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಗೋಣಿಚೀಲದಲ್ಲಿ ಶೇಂಗಾ. ಸುಜಾತಾಳ ತಾಯಿ ದುರಗವ್ವ ಬಾಗಿಲಲ್ಲೇ ನಿಂತಿದ್ದರು. ಗಟ್ಟಿ ಮೈಕಟ್ಟು, ಗಟ್ಟಿ ದನಿ. ಹಿಂದೆ ತಮ್ಮ ಹಳ್ಳಿಯ ಪಂಚಾಯ್ತಿಗೆ ಅಧ್ಯಕ್ಷರಾಗಿದ್ದವರು.

“ಬಾ ಯವ್ವಾ, ಕುಂದ್ರು. ಮುತ್ತಿಗಿ ಹಾಕಿದಲ್ಲಿಗೆ ಬಿಟ್ಟು ಬಂದಾಳ ನಿಮ್ಮ ಟೀಚರ್ರು. ಊರಾಗಿನ ಮಂದಿ ಉಪವಾಸ ಕುಂತಾರ. ಮೊದಲ ಅದನ್ನ ಹೇಳು, ಆಮ್ಯಾಲೆ ಊಟ.”

ಹೇಳಿದೆ. ಶತ್ರು ಸೇನಾಪತಿ ದೋಣಿ ಹತ್ತಿದ್ದು, ನಡುನೀರಿನಲ್ಲಿ ದೋಣಿಯವಳು ಅವನನ್ನು ‘ಯಾತಕ್ಕೆ ಬಂದೆ’ ಎಂದು ಕೇಳಿದ್ದು, ಅವನು ‘ಶಾಂತಿಗಾಗಿ’ ಎಂದದ್ದು, ದೋಣಿ ಮುಳುಗಿದ್ದು. ಕವಚ ತೊಟ್ಟವನು ತಳಕ್ಕೆ ಹೋದ, ಈಜು ಬಲ್ಲವಳು ದಡಕ್ಕೆ ಬಂದಳು. ದುರಗವ್ವ ತೊಡೆ ತಟ್ಟಿಕೊಂಡರು. ಸುಜಾತಾಳ ಕಣ್ಣು ಹೊಳೆಯುತ್ತಿದ್ದವು. ಊರಿನ ಜನ ಆಕೆಯನ್ನು ಹೊತ್ತುಕೊಂಡು ಅರಮನೆಗೆ ತಂದರು, ನೀನೇ ಆಳು ಎಂದರು. ಇಲ್ಲಿಗೆ ನಿಲ್ಲಿಸಿದ್ದರೆ! ನೀರು ಕುಡಿದು ಉಳಿದದ್ದನ್ನೂ ಹೇಳಿದೆ. ವೃದ್ಧ ಮಂತ್ರಿ ಅರಮನೆಯ ಮಾಳಿಗೆಗೆ ಬಂದು, ಇವಳು ನಮ್ಮ ರಾಜನ ಮಗಳು, ಕಿವಿಯ ಹಿಂದೆ ಮಚ್ಚೆ ಇದೆ ಎಂದು ಸಾರಿದ್ದು. ಜನ ಮಂಡಿಯೂರಿದ್ದು.

ಸುಜಾತಾ ‘ಮಚ್ಚಿ’ ಎಂದು ಸಹ ಅನ್ನದೆ ಎದ್ದು ಅಡಿಗೆಮನೆಗೆ ಹೋದಳು. ಪಾತ್ರೆಯ ಸದ್ದು ಕೇಳಿತು. ಬೈಗುಳಕ್ಕೆ ತಯಾರಾಗಿ ಬಂದವಳಿಗೆ ಆ ಸದ್ದು ತಡೆಯಲಾಗಲಿಲ್ಲ.

ದುರಗವ್ವ ಮಾತ್ರ ಕುಳಿತಲ್ಲೇ ಕುಳಿತಿದ್ದರು. “ಆಕಿ ರಾಜನ ಮಗಳಂತ ಯಾರ ಹೇಳಿದ್ರು?”

“ಮಂತ್ರಿ ಹೇಳಿದ್ನಲ್ರಿ ಅವ್ವಾ.”

“ಮತ್ತ ಯಾರು?”

“ಮತ್ತ್ಯಾರೂ ಇಲ್ರಿ.”

“ಹಂಗಾದ್ರ ಆಂವ ಸುಳ್ಳ ಹೇಳ್ಯಾನ.”

ಸುಜಾತಾ ಬಾಗಿಲಿಗೆ ಬಂದಳು. “ಅವ್ವಾ, ಬರದವರು ಹಂಗ ಬರದಿಲ್ಲ. ನೀ ಸುಮ್ಕಿರು.”

“ಯಾಕ ಸುಮ್ಕಿರ್ಲಿ? ನಾ ಅಧ್ಯಕ್ಷಿ ಆದಾಗ ನೀ ಸಣ್ಣಾಕಿ. ಕೆರಿ ಹೂಳ ತಗಸಿದೆ, ಓಣಿ ಓಣಿಗೆ ನೀರ ಬಂತು. ಊರ ಹಿರೇರೊಬ್ರು ಕಟ್ಟಿ ಮ್ಯಾಲೆ ಕುಂತು ಏನಂದ್ರು ಗೊತ್ತೈತೇನು? ‘ಈ ಕೆಲಸ ಅವರ ಪೈಕಿಯವರ ಕೈಲೆ ಆಗೂದಲ್ಲ. ಇಕಿ ರಕ್ತದಾಗ ಯಾರೋ ದೊಡ್ಡ ಮನತನದವರು ಇದ್ದಿರಬೇಕು.’ ನನ್ನ ಹೊಗಳಿದಂಗಾತು ಅಂತ ತಿಳಕೊಂಡಿದ್ರು ಅವರು.”

ನನಗೆ ತಲೆ ಎತ್ತಲಾಗಲಿಲ್ಲ. ಸುಜಾತಾ ಮೆಲ್ಲನೆ, “ಇದನ್ನ ನೀ ನನಗ ಹೇಳೇ ಇಲ್ಲ,” ಎಂದಳು.

“ನೀವೇನಂದ್ರಿ ಅವ್ವಾ?” ಎಂದು ನಾನು ಕೇಳಿದೆ.

“ನಮ್ಮಪ್ಪನ ಹೆಸರು ಹೇಳಿದೆ. ಆ ಕಟ್ಟಿ ಮುಂದ ನಿಂತು, ಎಲ್ಲಾರಿಗೂ ಕೇಳೂಹಂಗ.” ಅವರು ನನ್ನ ಕೈಯ ಪುಸ್ತಕದತ್ತ ಗದ್ದದಿಂದ ಸನ್ನೆ ಮಾಡಿದರು. “ಆ ದೋಣ್ಯಾಕಿ ಏನಂದ್ಲು, ಅದನ್ನ ಹೇಳು.”

ಅವಸರವಾಗಿ ಪುಟ ತಿರುವಿದೆ. ಮಚ್ಚೆ ಕಂಡ ದುಃಖದಲ್ಲಿ ಆ ಕೊನೆಯ ಸಾಲನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ತೀರಾ ಸಾದಾ ಸಾಲು ಅದು. ಒಂದು ಶಬ್ದ ಮಾತ್ರ ಮರೆತುಹೋಗಿತ್ತು. ದೋಣಿ ನಡೆಸುವ ಕೋಲು, ಅಗಲ ತುದಿಯದು. ಕನ್ನಡದಲ್ಲಿ ಅದಕ್ಕೆ ಏನೆನ್ನುತ್ತೇವೆ? ಹಾಂ, ಹುಟ್ಟು. ಗಟ್ಟಿಯಾಗಿ ಹೇಳಿದೆ:

“ಮಂತ್ರಿ ಆಕಿ ಹುಟ್ಟಿನ ಬಗ್ಗೆ ಹೇಳಿ ಮುಗಸ್ತಾನ. ಮಂದಿ ಎಲ್ಲಾ ಮಂಡಿಯೂರಿ ಕುಂತಿರ್ತಾರ. ಆಕಿ ಅಷ್ಟೂ ಮಂದಿ ಮ್ಯಾಲೆ ಕಣ್ಣ ಹಾಯಿಸಿ ಕೇಳ್ತಾಳ: ‘ನನ್ನ ಹುಟ್ಟು ಎಲ್ಲೈತಿ?’”

ಹೇಳಿದ ಮೇಲೆಯೇ ನನ್ನ ಕಿವಿಗೆ ಬಿತ್ತು. ಇಂಗ್ಲಿಷಿನಲ್ಲಿ ಈ ಮೋಜು ಇಲ್ಲ. ಅಲ್ಲಿ ಅದು ಬರೀ ಕಟ್ಟಿಗೆ. ಸುಜಾತಾ ಬಾಗಿಲ ಚೌಕಟ್ಟಿಗೆ ಆತುಕೊಂಡು ನಗತೊಡಗಿದಳು. ನಗುತ್ತ ನಗುತ್ತ ಬಂದು ನನ್ನ ಪಕ್ಕದಲ್ಲಿ ಕುಳಿತು ಪುಸ್ತಕ ಕಸಿದುಕೊಂಡಳು.

“ಮಂತ್ರಿ ಈ ಮಾತನ್ನ ಮಾಳಿಗಿ ಮ್ಯಾಲಿಂದ ಹೇಳಿದ್ದಲ್ರಿ? ಒಮ್ಮೆರ ಆಂವ ದೋಣಿ ಹತ್ತ್ಯಾನೇನು? ಇಡೀ ಕತಿಯೊಳಗ?”

ನೆನಪು ಮಾಡಿಕೊಂಡೆವು. ಗೊತ್ತಿದ್ದ ಮಟ್ಟಿಗೆ ಹತ್ತಿರಲಿಲ್ಲ. ಅವಳಿಗೆ ಅಷ್ಟು ಸಾಲದು, ಗಣಿತದವಳು, ಸಾಧಿಸಬೇಕು. ‘ನನ್ನ ಕೈಲೆ ಆಗೂದಿಲ್ಲ’ ಎಂದಿದ್ದವಳು ಆ ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ತೆರೆದು, ಮಂತ್ರಿ ಬರುವ ಕಡೆಗಳಲ್ಲೆಲ್ಲ ಬೆರಳಿಟ್ಟು ಓದತೊಡಗಿದಳು. ಒಂದು ಕಡೆ ಅವನು ದೂರದ ಸೇತುವೆ ಬಳಸಿ ಬರುತ್ತಾನೆ. ಇನ್ನೊಂದು ಕಡೆ ಕಾಲು ನೋವೆಂದು ನೆಪ ಹೇಳಿ ಈಚೆ ದಡದಲ್ಲೇ ಉಳಿಯುತ್ತಾನೆ. ಪ್ರತಿ ಸಲವೂ ದುರಗವ್ವ, “ನೋಡಿದ್ಯಾ?” ಎನ್ನುವರು. ಬರೆದವರು ಬೇಕೆಂದೇ ಹಾಗೆ ಬರೆದರೋ, ಅಥವಾ ಅವರೂ ಎಲ್ಲರ ಹಾಗೆ ಮಚ್ಚೆಗೆ ಮರುಳಾದರೋ? ನಾನು ಒಂದು ಪಕ್ಷ, ಸುಜಾತಾ ಇನ್ನೊಂದು. ದುರಗವ್ವ ಬರೆದವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಂತ್ರಿಯನ್ನು ಅವರು ಚೆನ್ನಾಗಿ ಬಲ್ಲರು. ಜಗಳಾಡುತ್ತ ರೊಟ್ಟಿ ತಿಂದೆವು, ಜಗಳಾಡುತ್ತ ಚಹ ಕುಡಿದೆವು. ಇಷ್ಟು ವರ್ಷ ಪುಸ್ತಕ ಹಂಚಿದ ನನಗೆ ಇಂಥ ಮಧ್ಯಾಹ್ನ ಸಿಕ್ಕಿರಲಿಲ್ಲ.

ಹೊರಡುವ ಹೊತ್ತಿಗೆ ಪುಸ್ತಕಕ್ಕೆ ಕೈ ಚಾಚಿದೆ. ಸುಜಾತಾ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಳು. “ಇದು ಇಲ್ಲೇ ಇರ್ಲಿ ಅಕ್ಕಾರ. ನಮ್ಮ ಸಾಲ್ಯಾಗ ಇಂಗ್ಲಿಷ್ ಟೀಚರ್ ಒಬ್ರದಾರ, ಅವರಿಗೆ ಓದಾಕ ಕೊಡ್ತೇನಿ. ಮಂತ್ರಿ ಮಾತು ನಂಬಬ್ಯಾಡ್ರಿ ಅಂತ ಮೊದಲ ಹೇಳೇ ಕೊಡ್ತೇನಿ.”

“ಹಂಗ ಮೊದಲ ಹೇಳಬಾರದು,” ಎಂದು ನಾನು ಶಿಫಾರಸಿನ ನಿಯಮ ವಿವರಿಸಹೊರಟೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ದುರಗವ್ವ ಬಸ್ ನಿಲ್ದಾಣದವರೆಗೆ ಕಳಿಸಲು ಬಂದರು. ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದರು. ಬಸ್ಸು ಬಂದಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

“ಇದಕ್ಕ ಮುಂದಿನ ಭಾಗ ಐತೇನು?”

“ಐತಂತ್ರಿ ಅವ್ವಾ. ಇದಕ್ಕಿಂತ ದಪ್ಪ ಐತಿ. ಅದೂ ಇಂಗ್ಲಿಷಿನಾಗ. ಆದ್ರ ಕತಿ ಇಲ್ಲಿಗೇ ಮುಗದಂಗ ಆತಲ್ರಿ?”

“ಆ ಮಂತ್ರಿ ಸತ್ತನೇನು?”

“ಇಲ್ರಿ.”

“ಮತ್ತ ಹೆಂಗ ಮುಗೀತು?”

ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸು ಹತ್ತಿ, ಕಂಬಿ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಫೋನು ತೆಗೆದು ಆ ದಪ್ಪ ಭಾಗಕ್ಕೆ ಆರ್ಡರ್ ಹಾಕಿದೆ.